ಮಣ್ಣಿಗೆ ಮಸಿ

ಮಸಿಯ ವಿಷಯದಲ್ಲಿ ನಮ್ಮವರಿಗೆ ಒಳ್ಳೆಯ ಅಭಿಪ್ರಾಯವಿಲ್ಲ. ಮಾನ ಹೋದರೆ ಮುಖಕ್ಕೆ ಮಸಿ. ತಿದ್ದಲಾಗದ ಬುದ್ಧಿಗೆ, ತೊಳೆದರೂ ಬಿಳುಪಾಗದ ಇದ್ದಿಲಿನ ಹೋಲಿಕೆ. ಆದುದರಿಂದ, ಹೊಸದುರ್ಗ ತಾಲ್ಲೂಕಿನ ಶ್ರೀರಾಂಪುರದ ಬಳಿಯಿರುವ ನಮ್ಮ ತೆಂಗಿನ ತೋಟಕ್ಕೆ ಇದ್ದಿಲು ಹಾಕೋಣವೆಂದು ನಾನು ಹೇಳಿದಾಗ, ದೊಡ್ಡಪ್ಪನವರು, “ಏನಪ್ಪಾ, ಭೂತಾಯಿಯ ಮುಖಕ್ಕೇ ಮಸಿ ಬಳಿಯುವುದಕ್ಕೆ ಬೆಂಗಳೂರಿನಿಂದ ಬಂದೆಯಾ?” ಎಂದು ಕೇಳಿದುದು ಆಶ್ಚರ್ಯವಲ್ಲ.

ನಮ್ಮದು ಮರಳು ಬೆರೆತ ಕೆಂಪು ಮಣ್ಣು. ಮಳೆಯೂ ಅಲ್ಪ. ಬಿದ್ದ ನೀರು ನಿಲ್ಲದು. ಗೊಬ್ಬರದ ಸಾರವೂ ಅದರೊಡನೆ ಇಳಿದುಹೋಗುತ್ತದೆ. ಎರಡು ಕೊಳವೆಬಾವಿಗಳು ಬತ್ತಿದ ಮೇಲೆ ದೊಡ್ಡಪ್ಪನವರು ತೋಟವನ್ನೇ ಮಾರುವ ಮಾತನ್ನಾಡತೊಡಗಿದ್ದರು. ಅತ್ತ ಗರಿ, ಮಟ್ಟೆ, ಕರಟಗಳು ವರ್ಷವರ್ಷವೂ ಉರಿದು ಬೂದಿಯಾಗುತ್ತಿದ್ದವು.

ಬೂದಿಗೂ ಇದ್ದಿಲಿಗೂ ಇರುವ ಅಂತರವೇ ಈ ವಿದ್ಯೆಯ ಗುಟ್ಟು. ಗಾಳಿ ಧಾರಾಳವಾಗಿ ಆಡಿದರೆ ಇಂಗಾಲವೆಲ್ಲ ಗಾಳಿಯ ಪಾಲಾಗಿ ಬೂದಿ ಮಾತ್ರ ಉಳಿಯುತ್ತದೆ. ಗಾಳಿಯನ್ನು ತಡೆದರೆ ಸುಮಾರು ಅರ್ಧದಷ್ಟು ಇಂಗಾಲ ಇದ್ದಿಲಾಗಿ ನಿಲ್ಲುತ್ತದೆ. ಅದರ ಮೈಯೆಲ್ಲ ಸೂಕ್ಷ್ಮ ರಂಧ್ರಗಳು. ನೀರು, ಸಾರ, ಸೂಕ್ಷ್ಮಜೀವಿಗಳಿಗೆ ಅಲ್ಲಿ ಆಶ್ರಯ. ಅಮೆಜಾನ್ ಸೀಮೆಯ ಪುರಾತನ ನಿವಾಸಿಗಳು ಇದ್ದಿಲು, ಮೂಳೆ, ಕಸಗಳು ಬೆರೆತ ಕಪ್ಪು ನೆಲವನ್ನು ಬಿಟ್ಟುಹೋಗಿದ್ದಾರೆ. ಡಚ್ ವಿಜ್ಞಾನಿ ವಿಮ್ ಸೋಂಬ್ರೂಕ್ 1966ರ ತಮ್ಮ ಗ್ರಂಥದಲ್ಲಿ ವರ್ಣಿಸಿದ ಆ ನೆಲ ನೂರಾರು ವರ್ಷಗಳ ಅನಂತರವೂ ಫಲವತ್ತಾಗಿದೆ.

ಆದರೆ ಇದ್ದಿಲು ಕಣಜವೇ ಹೊರತು ಕಾಳಲ್ಲ. ಬರಿದಾದ ಕಣಜವನ್ನು ಹೂಳಿದರೆ ಅದು ಮಣ್ಣಿನ ಸಾರವನ್ನೇ ಮೊದಲು ಹೀರಿಕೊಂಡೀತು. ಆದುದರಿಂದ ಗುಣಿಯಲ್ಲಿ ಒಣ ಕರಟಗಳನ್ನು ಉರಿಸಿ, ಕೆಂಡದ ಮೇಲೆ ಬೂದಿ ಕವಿಯತೊಡಗಿದಂತೆಲ್ಲ ಮತ್ತೊಂದು ಪದರ ಹಾಕಿ, ಕೊನೆಗೆ ನೀರು ಸುರಿದು ಆರಿಸಿದೆವು. ಪುಡಿಮಾಡಿ, ಸಗಣಿ ಗಂಜಲಗಳೊಡನೆ ಮೂರು ವಾರ ಕೊಳೆಯಿಸಿದೆವು. ಇದ್ದಿಲಿನದು ಕ್ಷಾರಗುಣ, ಹುಳಿ ಮಣ್ಣಿಗೆ ಹಿತ, ಚೌಳು ನೆಲಕ್ಕೆ ಹಿತವಲ್ಲ. ಮಣ್ಣನ್ನು ಪರೀಕ್ಷೆಮಾಡಿಸಿ, ನಮ್ಮದು ತುಸು ಹುಳಿಯೆಂದು ತಿಳಿದ ಮೇಲೆಯೇ ಕೆಲಸಕ್ಕೆ ಕೈಹಾಕಿದ್ದು.

ದೊಡ್ಡಪ್ಪನವರು ಕೊಟ್ಟುದು ನಾಲ್ಕೇ ಮರ. “ಪಕ್ಕದ ನಾಲ್ಕಕ್ಕೆ ಬರೀ ಗೊಬ್ಬರ. ನೀನೂ ಬೇಡ, ನಾನೂ ಬೇಡ, ಮರವೇ ಹೇಳಲಿ” ಎಂದರು. ಹೊಂಬಾಳೆಯೊಡೆದು ಕಾಯಿ ಬಲಿಯುವುದಕ್ಕೇ ಒಂದು ವರ್ಷ ಬೇಕು. ಮರದ ಸಾಕ್ಷ್ಯವನ್ನು ಕೇಳಲು ಎರಡು ಮೂರು ವರ್ಷವಾದರೂ ಕಾಯಬೇಕು. ಅಲ್ಲಿಯವರೆಗೆ ತೋಟ ಮಾರುವ ಮಾತಿಲ್ಲವೆಂದು ಅವರೇ ಹೇಳಿದ್ದಾರೆ.