ಆರು ಡಿಗ್ರಿ ನೀರಿನಲ್ಲಿ ಒಣ ಮೈ

ನೇತ್ರಾಣಿಯಲ್ಲಿ ಡೈವಿಂಗ್ ಕಲಿತವರಿಗೆ ಒಂದು ಸಣ್ಣ ಜಂಬ ಇರುತ್ತದೆ. ಮುರುಡೇಶ್ವರದಿಂದ ದೋಣಿಯಲ್ಲಿ ಹೋಗಿ, ತೆಳ್ಳನೆಯ ಸೂಟ್ ತೊಟ್ಟು, ಬೆನ್ನು ಹಿಂದಕ್ಕೆ ಮಾಡಿ ಉರುಳಿದರೆ ಸಾಕು, ಉಗುರುಬೆಚ್ಚಗಿನ ಸಮುದ್ರ ತಾನೇ ಬರಮಾಡಿಕೊಳ್ಳುತ್ತದೆ. ಆ ಜಂಬವನ್ನು ಹೊತ್ತುಕೊಂಡೇ ನಾನು ಕೆಲಸದ ಮೇಲೆ ಇಂಗ್ಲೆಂಡಿನ ಲೆಸ್ಟರ್‌ಗೆ ಹೋಗಿದ್ದೆ. ಸಮುದ್ರದಿಂದ ಬಲು ದೂರದ ಊರು. ಆದರೂ ಅಲ್ಲಿನವರಿಗೆ ಮುಳುಗುವ ಹುಚ್ಚಿದೆ. ಅದನ್ನು ತೀರಿಸಿಕೊಳ್ಳಲು ಅವರು ಹೋಗುವುದು ಸ್ಟೋನಿ ಕೋವ್‌ಗೆ.

ಮಾರ್ಚ್ ತಿಂಗಳ ಶನಿವಾರ ಬೆಳಿಗ್ಗೆ ಹೊರಟಾಗ ಹೊಲಗಳ ಮೇಲೆ ಇನ್ನೂ ಹಿಮ ಕೂತಿತ್ತು. ಸ್ಟೋನಿ ಸ್ಟಾಂಟನ್ ಎಂಬ ಹಳ್ಳಿಯ ಪಕ್ಕದಲ್ಲಿ ದೊಡ್ಡದೊಂದು ಹಳೆಯ ಗ್ರಾನೈಟ್ ಕ್ವಾರಿ. 1958ರಲ್ಲಿ ಕಲ್ಲು ತೆಗೆಯುವುದು ನಿಂತ ಮೇಲೆ ಒಳಗಿನ ಒರತೆಗಳು ಅದನ್ನು ತುಂಬಿದವು. ಆಮೇಲೆ ಡೈವರ್‌ಗಳು ಬಂದರು. ಉತ್ತರ ಸಮುದ್ರದ ಎಣ್ಣೆಬಾವಿಗಳಲ್ಲಿ ದುಡಿಯುವವರೂ ಇಲ್ಲಿ ತರಬೇತಿ ಪಡೆದರು. ಕಲ್ಲು ಕಡಿದವರು ಬಿಟ್ಟುಹೋದ ಮೆಟ್ಟಿಲುಗಳೇ ಈಗ ಪಾಠದ ತರಗತಿಗಳು: ಮೊದಲನೆಯದು ಆರೇಳು ಮೀಟರ್ ಆಳದಲ್ಲಿ, ಮುಂದಿನದು ಇಪ್ಪತ್ತರ ಆಚೀಚೆ, ತಳ 35 ಮೀಟರ್‌ಗೂ ಕೆಳಗೆ.

ಇಲ್ಲಿನ ತಣ್ಣೀರಿಗಿಳಿಯಲು ಬೇಕಾದ ಡ್ರೈ ಸೂಟ್ ತೊಡುವುದೇ ಒಂದು ಕಲೆ. ಕತ್ತಿಗೆ, ಮಣಿಕಟ್ಟಿಗೆ ಬಿಗಿಯಾದ ಲೇಟೆಕ್ಸ್ ಪಟ್ಟಿಗಳು. ನಮ್ಮ ಶಿಕ್ಷಕಿ ಪೌಡರ್ ಸವರಿ, ಬೆರಳುಗಳನ್ನು ಒಟ್ಟುಗೂಡಿಸಿ, ಬಳೆಗಾರನ ಹಾಗೆ ಮಾತಾಡಿಸುತ್ತಲೇ ಕೈಯನ್ನು ತೂರಿಸಿಬಿಟ್ಟರು. ಕತ್ತಿನ ಸರದಿ ಬಂದಾಗ ಮಾತ್ರ ಒಂದು ಕ್ಷಣ ಉಸಿರು ಕಟ್ಟಿತು. ಬೆನ್ನಿನ ಮೇಲೆ ಅಡ್ಡಲಾಗಿರುವ ಜಿಪ್ಪನ್ನು ತಾನೇ ಎಳೆದುಕೊಳ್ಳಲಾಗದು, ಜೊತೆಗಾರರೇ ಎಳೆಯಬೇಕು. ಅಷ್ಟರಲ್ಲಿ ಶೌಚಾಲಯಕ್ಕೆ ಹೋಗಿಬಂದಿರಬೇಕು ಎಂಬುದನ್ನು ಯಾವ ಪುಸ್ತಕವೂ ಸಾಕಷ್ಟು ಒತ್ತಿ ಹೇಳುವುದಿಲ್ಲ. ತಣ್ಣೀರಿನಲ್ಲಿ ಮೂತ್ರದ ಅವಸರ ಹೆಚ್ಚು.

ಗಾಳಿಗಿಂತ ನೀರು ಮೈಯ ಶಾಖವನ್ನು ಸುಮಾರು 25 ಪಟ್ಟು ವೇಗವಾಗಿ ಎಳೆದುಕೊಳ್ಳುತ್ತದೆ. ನೇತ್ರಾಣಿಯ ವೆಟ್ ಸೂಟ್ ನೀರನ್ನು ಒಳಗೆ ಬಿಟ್ಟುಕೊಂಡು ಅದನ್ನೇ ಬೆಚ್ಚಗಿಡುತ್ತದೆ. ಡ್ರೈ ಸೂಟ್ ನೀರನ್ನೇ ಒಳಗೆ ಬಿಡುವುದಿಲ್ಲ. ಆದರೆ ಸೂಟ್ ತಾನಾಗಿ ಬೆಚ್ಚಗಿರುವುದಿಲ್ಲ. ಬೆಚ್ಚಗಿಡುವುದು ಒಳಗೆ ತೊಟ್ಟ ದಪ್ಪ ಉಡುಪು ಮತ್ತು ಅದರಲ್ಲಿ ಸಿಕ್ಕಿಕೊಂಡ ಗಾಳಿ. ಆ ಗಾಳಿಯೇ ತಲೆನೋವೂ ಹೌದು.

ಇಳಿಜಾರಿನಲ್ಲಿ ನಡೆದು ನೀರಿಗಿಳಿದು, ಕುಕ್ಕರಗಾಲಿನಲ್ಲಿ ಕೂತು, ಕತ್ತಿನ ಪಟ್ಟಿಯನ್ನು ಬೆರಳಿನಿಂದ ಸರಿಸಿ ಒಳಗಿನ ಗಾಳಿಯನ್ನು ಹೊರಗಟ್ಟಿದೆವು. ಮುಳುಗಿದೊಡನೆ ಹಣೆ, ತುಟಿ ಉರಿದವು. ಸ್ವಲ್ಪ ಹೊತ್ತಿಗೆ ಜೋಮು ಹಿಡಿದವು. ಕೈಗಡಿಯಾರದಂಥ ಕಂಪ್ಯೂಟರ್ ಆರು ಡಿಗ್ರಿ ತೋರಿಸುತ್ತಿತ್ತು. ಕೆಳಗಿಳಿದಂತೆ ಸೂಟ್ ಮೈಗೆ ಅಂಟಿ ಮಡಿಕೆ ಮಡಿಕೆಯಾಗಿ ಚಿವುಟತೊಡಗಿತು. ಹತ್ತು ಮೀಟರಿಗೆ ಒತ್ತಡ ಎರಡರಷ್ಟಾಗುತ್ತದೆ, ಒಳಗಿನ ಗಾಳಿ ಅರ್ಧಕ್ಕಿಳಿಯುತ್ತದೆ. ಎದೆಯ ಮೇಲಿನ ಗುಂಡಿ ಒತ್ತಿದೆ. ಗಾಳಿ ಹರಿದು ಚಿವುಟು ಬಿಟ್ಟಿತು. ಮೇಲೇರುವಾಗ ಅದೇ ಗಾಳಿ ಹಿಗ್ಗುತ್ತದೆ. ಆಗ ಎಡಗೈ ಎತ್ತಿ ತೋಳಿನ ಕವಾಟದಿಂದ ಹೊರಬಿಡಬೇಕು.

ಮುಖ್ಯ ಪಾಠ ಕಾಲಿನದು. ತಲೆ ಕೆಳಗಾದರೆ ಗಾಳಿಯೆಲ್ಲ ಪಾದಗಳಿಗೆ ನುಗ್ಗುತ್ತದೆ. ತೋಳಿನ ಕವಾಟ ಆಗ ಕೆಳಗಡೆ, ನಿರುಪಯುಕ್ತ. ಬಿಟ್ಟರೆ ಬುರುಡೆಯಂತೆ ಕಾಲು ಮೇಲಾಗಿ ಚಿಮ್ಮಿಬಿಡುತ್ತೇವೆ. ಅಂಥ ವೇಗದ ಏರಿಕೆ ಶ್ವಾಸಕೋಶಕ್ಕೂ ರಕ್ತಕ್ಕೂ ಅಪಾಯ. ಶಿಕ್ಷಕಿ ಬೇಕೆಂದೇ ನನ್ನನ್ನು ತಲೆಕೆಳಗು ಮಾಡಿಸಿದರು. ಮಂಡಿ ಮಡಚಿ, ಮುದುಡಿ, ಲಾಗ ಹೊಡೆದು ನೆಟ್ಟಗಾಗಿ, ಕೂಡಲೇ ಗಾಳಿ ಬಿಡಬೇಕು. ಯೋಚಿಸದೆ ಮೈ ತಾನೇ ಮಾಡುವವರೆಗೂ ಮಾಡಿಸಿದರು. ಮೇಲೆ ಬಂದಾಗ, “ಗಾಳಿ ಎಲ್ಲಿದೆ ಅಂತ ಯಾವಾಗಲೂ ಗೊತ್ತಿರಬೇಕು, ಅಷ್ಟೇ” ಎಂದರು.

ಉಸಿರಾಟದ ರೆಗ್ಯುಲೇಟರಿಗೂ ಚಳಿಯ ಕಾಟವಿದೆ. ಸಿಲಿಂಡರಿನ ಒತ್ತಡದ ಗಾಳಿ ಹಿಗ್ಗುವಾಗ ತಣ್ಣಗಾಗುತ್ತದೆ; ತಣ್ಣೀರಿನಲ್ಲಿ ಒಳಗೆ ಮಂಜುಗಟ್ಟಿ ಕವಾಟ ತೆರೆದೇ ಉಳಿದರೆ ಗಾಳಿ ಭೋರೆಂದು ಖಾಲಿಯಾಗುತ್ತದೆ. ಅದಕ್ಕೇ ಇಲ್ಲಿ ತಣ್ಣೀರಿಗೆಂದೇ ಪರೀಕ್ಷಿಸಿದ ರೆಗ್ಯುಲೇಟರ್ ಬಳಸುತ್ತಾರೆ.

ಮರುದಿನ ಸ್ಟೇನ್‌ಗಾರ್ತ್ ಎಂಬ ಹಳೆಯ ಟಗ್ ದೋಣಿಯ ಕಡೆ ಹೋದೆವು. 2000ದಲ್ಲಿ ಡೈವರ್‌ಗಳಿಗೆಂದೇ ಮುಳುಗಿಸಿದ್ದು. ಹಸಿರು ಮಬ್ಬಿನಲ್ಲಿ ಅದರ ಮೇಲ್ಭಾಗ ಕಂಡಿತು; ಪಕ್ಕದಲ್ಲಿ ಉದ್ದ ಮೂತಿಯ ಪೈಕ್ ಮೀನೊಂದು ಅಲುಗಾಡದೆ ನಿಂತಿತ್ತು. ಬಣ್ಣಕ್ಕೆ, ಜೀವರಾಶಿಗೆ ನೇತ್ರಾಣಿಯೇ ಮೇಲು, ಸಂಶಯವಿಲ್ಲ. ಆದರೆ ನೀರಿನಲ್ಲಿ ಮೈಯನ್ನು ಹದವಾಗಿ ನಿಲ್ಲಿಸುವುದನ್ನು ಸರಿಯಾಗಿ ಕಲಿಸಿದ್ದು ಈ ಕಲ್ಲುಗುಂಡಿಯೇ.

ಉತ್ತರದ ದೇಶಗಳಿಗೆ ಹೋಗಿ ಮುಳುಗುವ ಆಸೆಯಿದ್ದವರಿಗೆ ಒಂದು ಮಾತು: ಡ್ರೈ ಸೂಟನ್ನು ಮೊದಲು ಬಾಡಿಗೆಗೇ ಪಡೆಯಿರಿ, ಪಾಠವನ್ನು ಈಜುಕೊಳದಿಂದಲೇ ಶುರುಮಾಡಿ, ಕೊಳ್ಳುವ ಹಣವಿದ್ದರೆ ಅದನ್ನು ಒಳ ಉಡುಪಿಗೂ ಕೈಗವಸಿಗೂ ಹಾಕಿ.