ನೆತ್ತರಿಗೆ ಕಟ್ಟೆ ಕಟ್ಟಿದ ದಿನ

ಚಾಕು ತಾಗಿದಲ್ಲೆಲ್ಲ ನೆತ್ತರು ಉಕ್ಕುತ್ತಿದೆ. ಒರೆಸಿದರೆ ಮತ್ತೆ ತುಂಬುತ್ತದೆ, ಒತ್ತಿ ಹಿಡಿದರೆ ಪಕ್ಕದಿಂದ ಜಿನುಗುತ್ತದೆ. 1926ರ ಶರತ್ಕಾಲ, ಬಾಸ್ಟನ್ನಿನ ಪೀಟರ್ ಬೆಂಟ್ ಬ್ರಿಗಮ್ ಆಸ್ಪತ್ರೆ. ರೋಗಿಯ ತಲೆಬುರುಡೆಯಲ್ಲಿ ರಕ್ತನಾಳಗಳೇ ತುಂಬಿಕೊಂಡ ಗೆಡ್ಡೆ. ಚಾಕು ಹಿಡಿದವರು ಮಿದುಳಿನ ಶಸ್ತ್ರವೈದ್ಯ ಹಾರ್ವೆ ಕುಶಿಂಗ್. ಮಿದುಳಿನ ರಕ್ತನಾಳ ಹಿಸುಕಲು ಬೆಳ್ಳಿಯ ಪುಟ್ಟ ಕ್ಲಿಪ್‌ಗಳನ್ನು 1911ರಲ್ಲೇ ಬಳಕೆಗೆ ತಂದವರು. ಆದರೆ ಇಲ್ಲಿ ಕ್ಲಿಪ್ ಹಾಕುವುದೆಲ್ಲಿಗೆ? ಗೆಡ್ಡೆಯ ಮೈಯೆಲ್ಲ ಒಸರುತ್ತಿದೆ!

ಕುಶಿಂಗ್ ಅರ್ಧಕ್ಕೇ ನಿಲ್ಲಿಸಿದರು. ಆ ಕ್ಷಣದಲ್ಲಿ ಹಟ ಹಿಡಿದಿದ್ದರೆ ರೋಗಿ ಮೇಜಿನ ಮೇಲೇ ಮುಗಿಯುತ್ತಿದ್ದ. ಅವರ ಬದುಕಿನ ದೊಡ್ಡ ಧೈರ್ಯ ಅದೇ ಎಂದು ನಾನು ನಂಬುತ್ತೇನೆ.

ಇಂಥ ಗೆಡ್ಡೆಗಳ ಭಯ ಶಸ್ತ್ರಚಿಕಿತ್ಸೆಗೆ ಸೀಮಿತವಲ್ಲ. ಮಿದುಳಿನೊಳಗಿನ ಕೆಲವು ಗೆಡ್ಡೆಗಳು ಯಾರೂ ಮುಟ್ಟದೆಯೇ ಒಳಗೊಳಗೇ ಒಡೆಯುತ್ತವೆ. ಅವಸರದಲ್ಲಿ ಬೆಳೆದ ನಾಳಗಳ ಗೋಡೆ ಅಷ್ಟು ದುರ್ಬಲ. ಮಿದುಳಿನ ತಳದ ಪಿಟ್ಯುಟರಿ ಗ್ರಂಥಿಯ ಗೆಡ್ಡೆ ಒಡೆದರೆ ಸಿಡಿಲಿನಂಥ ತಲೆನೋವು, ವಾಂತಿ, ಕಣ್ಣು ಮಂಜು. ಬುರುಡೆ ಹಿಗ್ಗುವುದಿಲ್ಲ, ಸೋರಿದ ರಕ್ತ ಮಿದುಳನ್ನೇ ಅದುಮುತ್ತದೆ.

ಅಕ್ಟೋಬರ್ 1. ಕುಶಿಂಗ್ ಅರ್ಧಕ್ಕೆ ಬಿಟ್ಟಿದ್ದ ಅದೇ ರೋಗಿ, ಅದೇ ಗೆಡ್ಡೆ. ಈ ಸಲ ಥಿಯೇಟರಿನೊಳಗೆ ಒಂದು ವಿದ್ಯುತ್ ಯಂತ್ರ, ಪಕ್ಕದಲ್ಲಿ ಅದನ್ನು ಕಟ್ಟಿದ ಹಾರ್ವರ್ಡ್‌ನ ವಿಲಿಯಂ ಬೋವಿ. ಅವರು ವೈದ್ಯರಲ್ಲ, ವಿಜ್ಞಾನಿ. ಯಂತ್ರದ ವಿದ್ಯುತ್ ಎಷ್ಟು ವೇಗದಲ್ಲಿ ದಿಕ್ಕು ಬದಲಿಸುತ್ತದೆಂದರೆ ನರ, ಸ್ನಾಯುಗಳು ಬೆಚ್ಚುವುದಕ್ಕೂ ಪುರಸೊತ್ತಿಲ್ಲ. ತುದಿ ತಾಗಿದಲ್ಲಿ ಮಾತ್ರ ಸುಡುವ ಶಾಖ. ಒಂದು ಬಗೆಯ ಪ್ರವಾಹ ಕೊಯ್ಯುತ್ತದೆ, ಇನ್ನೊಂದು ರಕ್ತವನ್ನು ಹೆಪ್ಪುಗಟ್ಟಿಸಿ ನಾಳದ ಬಾಯಿ ಮುಚ್ಚುತ್ತದೆ.

ಥಿಯೇಟರಿನಲ್ಲಿ ಗದ್ದಲ, ನೂಕುನುಗ್ಗಲು. ಬೇಕಾದರೆ ರಕ್ತ ಕೊಡಲೆಂದು ನಿಂತಿದ್ದ ವಿದ್ಯಾರ್ಥಿಯೇ ಮೂರ್ಛೆ ಹೋಗಿ ಕೆಳಗೆ ಬಿದ್ದ! ಕುಶಿಂಗ್ ಕೈ ನಿಲ್ಲಲಿಲ್ಲ. ಒಂದು ತುಣುಕು ಕೊಯ್ದರು, ಸುಟ್ಟು ಮುಚ್ಚಿದರು. ಇನ್ನೊಂದು ತುಣುಕು. ಮತ್ತೊಂದು. ಹಿಂದಿನ ಸಲ ಹೊಳೆಯಾಗಿ ಹರಿದ ನೆತ್ತರು ಈಗ ಹಿಡಿತಕ್ಕೆ ಸಿಕ್ಕಿದೆ. ಗೆಡ್ಡೆ ಹೊರಬಂತು. ರೋಗಿ ಉಳಿದ.

ಇಂದಿನ ಶಸ್ತ್ರವೈದ್ಯರ ಕೈಯಲ್ಲಿರುವುದು ಬೈಪೋಲಾರ್ ಚಿಮಟ. ವಿದ್ಯುತ್ತು ಅದರ ಎರಡು ತುದಿಗಳ ನಡುವೆಯಷ್ಟೇ ಹರಿಯುವುದರಿಂದ ಪಕ್ಕದ ಮಿದುಳಿಗೆ ಬಿಸಿ ಅಷ್ಟಾಗಿ ತಟ್ಟುವುದಿಲ್ಲ. ಕಣ್ಣಿಗೆ ಮೈಕ್ರೋಸ್ಕೋಪಿನ ಬೆಂಬಲವೂ ಇದೆ. ಕುಶಿಂಗರಿಗೆ ಅದ್ಯಾವುದೂ ಇರಲಿಲ್ಲ. ಆದರೂ ಅವರು ಕಾಯಲಿಲ್ಲ. ರಕ್ತಸ್ರಾವಕ್ಕೆ ಹೆದರಿ ತಾವೇ ಕೈಬಿಟ್ಟಿದ್ದ ಹಳೆಯ ರೋಗಿಗಳನ್ನು ಆಪರೇಷನ್ನಿಗೆ ಮತ್ತೆ ಕರೆಸಿಕೊಳ್ಳತೊಡಗಿದರು.