ಎಲ್ಲರ ಕಾರು, ಸಾಹೇಬರ ಕಾರು

‘ಸಾಹೇಬ’ ಎಂದರೆ ಅರಬ್ಬಿಯಲ್ಲಿ ಜೊತೆಗಾರ; ಕನ್ನಡಕ್ಕೆ ಬರುವ ಹೊತ್ತಿಗೆ ದೊಡ್ಡ ಮನುಷ್ಯ. ಗಡಿ ದಾಟಿದ ಪದಗಳ ಅಂತಸ್ತು ಹೀಗೆ ಬದಲಾಗುತ್ತದೆ. ಕಾರುಗಳದ್ದೂ ಅದೇ ಕಥೆ.

ಇಂದಿನ ಛತ್ರಪತಿ ಸಂಭಾಜಿನಗರ ಇನ್ನೂ ಔರಂಗಾಬಾದ್ ಆಗಿದ್ದಾಗ, 2001ರಲ್ಲಿ, ಅಲ್ಲಿ ಸ್ಕೋಡಾ ಆಕ್ಟೇವಿಯಾದ ಜೋಡಣೆ ಶುರುವಾಯಿತು. ತವರಾದ ಜೆಕ್ ದೇಶದಲ್ಲಿ ಅದು ಟ್ಯಾಕ್ಸಿಯೂ ಹೌದು, ಬಾಡಿಗೆ ಕಾರೂ ಹೌದು. ನಮ್ಮಲ್ಲಿ ಬಿಡಿಭಾಗಗಳ ಆಮದು, ಸುಂಕ ಎಲ್ಲ ಸೇರಿ ಬೆಲೆ ಏರಿತು. ಡಾಕ್ಟರು, ಗುತ್ತಿಗೆದಾರರ ಮನೆ ಮುಂದೆ ನಿಂತಿತು. ಪ್ರಾಗ್‌ನಲ್ಲಿ ಅದನ್ನೇ ಬಾಡಿಗೆಗೆ ಹಿಡಿಯುವ ಕನ್ನಡಿಗ ಮನೆಗೆ ಫೋಟೋ ಕಳಿಸಿದರೆ, ಅಲ್ಲಿ ಯಾರೂ ತಿರುಗಿ ನೋಡದ ಗಾಡಿ ಇಲ್ಲಿ ಬೆರಗು ಹುಟ್ಟಿಸುತ್ತದೆ.

ನಾಸಿಕ್‌ನ ಮಹೀಂದ್ರಾ ಕಾರ್ಖಾನೆಯಿಂದ 2007ರಲ್ಲಿ ಹೊರಬಂದ ಲೋಗನ್‌ಗೆ ಈ ಭಾಗ್ಯವಿರಲಿಲ್ಲ. 2004ರಲ್ಲಿ ರೊಮೇನಿಯಾದ ಡಾಸಿಯಾ ಅದನ್ನು ಅಗ್ಗದ ಕಾರೆಂದೇ ತಂದಿತ್ತು. ಖರ್ಚು ಉಳಿಸಲು ಎಡಬಲದ ಹೊರಗನ್ನಡಿಗಳೂ ಒಂದೇ ಅಚ್ಚಿನವು. 2011ರಲ್ಲಿ ಹೆಸರು ವೆರಿಟೊ ಆಯಿತು. ಟ್ಯಾಕ್ಸಿಯವರು ಒಪ್ಪಿಕೊಂಡರು, ಟ್ಯಾಕ್ಸಿಯೆನಿಸಿದ್ದಕ್ಕೇ ಮನೆಮಂದಿ ದೂರ ಸರಿದರು.

ಆದರೆ ಗಡಿ ದಾಟಿಯೂ ಅರ್ಥ ಕೆಡದೆ ಉಳಿದದ್ದು ವೆರಿಟೊವೇ: ಕಡಿಮೆ ಖರ್ಚಿನಲ್ಲಿ ಊರು ಮುಟ್ಟಿಸುವ ಗಾಡಿ. ‘ಸಾಹೇಬ’ನ ಹಳೆಯ ಅರ್ಥದಲ್ಲಿ, ಜೊತೆಗಾರ.